ವಿಳಿಂಜಂನ ಮತ್ಸ್ಯಾಲಯದಲ್ಲಿ ಒಂದು ಬೆಳಗು

ಕಾಸರಗೋಡಿನ ನಮಗೆ ರಾಜಧಾನಿಯೆಂದರೆ ಒಂದು ರಾತ್ರಿಯ ರೈಲು ಪಯಣ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಏರಿ, ಕಡತಗಳ ಚೀಲವನ್ನು ತಲೆದಿಂಬಾಗಿಸಿ ಮಲಗಿದರೆ, ಬೆಳಗಾಗುವ ಹೊತ್ತಿಗೆ ತಿರುವನಂತಪುರ. ಕಳೆದ ನವೆಂಬರಿನಲ್ಲಿ ಕಕ್ಷಿದಾರರೊಬ್ಬರ ಕೆಲಸಕ್ಕಾಗಿ ಹೀಗೆಯೇ ಹೋಗಿದ್ದೆ. ಕೆಲಸ ಮೊದಲ ದಿನವೇ ಮುಗಿಯಿತು. ಮರಳುವ ರೈಲಿಗೆ ಮರುದಿನ ಸಂಜೆಯವರೆಗೆ ಕಾಯಬೇಕಿತ್ತು. ಆ ಬಿಡುವಿನಲ್ಲಿ ಪದ್ಮನಾಭನ ದರ್ಶನ ಮಾಡಬಹುದಿತ್ತು, ಕೋವಳದ ಮರಳಿನಲ್ಲಿ ಕೂರಬಹುದಿತ್ತು. ನಾನು ಹೊರಟದ್ದು ವಿಳಿಂಜಂನ ಮತ್ಸ್ಯಾಲಯಕ್ಕೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ಐದು ತಿಂಗಳಿನಿಂದ ಒಂಟಿಯಾಗಿದ್ದ ಒಂದು ನೀಲಿ ಮೀನು.

ಆ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಎಂಟನೆಯ ತರಗತಿಯ ಮಗಳ ಹಟಕ್ಕೆ ಮಣಿದು ಎರಡಡಿ ಉದ್ದದ, ಒಂದಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದಿದ್ದೆ. ಹಿಡಿಸುವುದು ಸುಮಾರು 50 ಲೀಟರ್ ನೀರು. ಸಿಹಿನೀರಿನ ಮೀನು ಬೇಡ, ಕಡಲ ಮೀನೇ ಬೇಕೆಂಬುದು ಅವಳ ಆಸೆ. ಉಪ್ಪುನೀರು ತುಂಬಿಸಿದ ಮೂರನೆಯ ದಿನವೇ ಎರಡು ನೀಲಿ ಡ್ಯಾಮ್ಸೆಲ್, ಎರಡು ಕ್ಲೌನ್ ಮೀನು, ಹಳದಿ ಬಣ್ಣದ ಒಂದು ಚಿಟ್ಟೆಮೀನು ಒಟ್ಟಿಗೇ ಬಂದವು. ಬಣ್ಣ ನೋಡಿ ಆರಿಸಿದ್ದೆವು, ಬೇರೇನನ್ನೂ ಕೇಳಿರಲಿಲ್ಲ. ಚಿಟ್ಟೆಮೀನು ಆಹಾರವನ್ನೇ ಮುಟ್ಟದೆ ಸತ್ತಿತು. ಕ್ಲೌನ್ ಮೀನುಗಳ ರೆಕ್ಕೆಗಳು ಹರಿದು ಚಿಂದಿಯಾದವು. ಹದಿನೈದು ದಿನಗಳಲ್ಲಿ ಉಳಿದದ್ದು ಒಂದು ಡ್ಯಾಮ್ಸೆಲ್ ಮಾತ್ರ. ಮಗಳು ಅಳಲಿಲ್ಲ. "ನೀವು ವಕೀಲರಲ್ಲವೇ ಅಪ್ಪಾ, ವಿಚಾರಿಸದೆ ಯಾಕೆ ತಂದಿರಿ?" ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಅವಳದು ಇನ್ನೊಂದು ಪ್ರಶ್ನೆ: "ಇದಕ್ಕೆ ಜೊತೆಗೆ ಯಾವ ಮೀನು ತರಬಹುದು?"

ಪೂರ್ವಕೋಟೆಯ ನಿಲ್ದಾಣದಿಂದ ಬಸ್ಸು ಹಿಡಿದರೆ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ ವಿಳಿಂಜಂ. ಒಂದು ಕಾಲಕ್ಕೆ ಆಯ್ ಅರಸರ ನೆಲೆಯಾಗಿದ್ದ ಊರು. ಎಂಟನೆಯ ಶತಮಾನದ ಪುಟ್ಟ ಗುಹಾಲಯವೊಂದು ಬಂಡೆಯಲ್ಲಿ ಇನ್ನೂ ಉಳಿದಿದೆ. ಮೀನು ಬಂದರಿನ ಒಂದು ಮಗ್ಗುಲಲ್ಲಿ ಮಸೀದಿ, ಇನ್ನೊಂದು ಮಗ್ಗುಲಲ್ಲಿ ಇಗರ್ಜಿ, ನಡುವೆ ಒತ್ತೊತ್ತಾಗಿ ನಿಂತ ದೋಣಿಗಳು. ಅದರಾಚೆ ಹೊಸ ಅಂತಾರಾಷ್ಟ್ರೀಯ ಬಂದರಿನ ದೈತ್ಯ ಕ್ರೇನುಗಳು ಆಕಾಶಕ್ಕೆ ಕತ್ತೆತ್ತಿ ನಿಂತಿವೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇರುವುದು ಇಲ್ಲಿಯೇ. ಅದರ 'ಸಾಗರಿಕಾ' ಮತ್ಸ್ಯಾಲಯವನ್ನು ಸಾರ್ವಜನಿಕರೂ ನೋಡಬಹುದು.

ಒಳಗೆ ಮಬ್ಬುಗತ್ತಲೆ, ಸಾಲಾಗಿ ಬೆಳಗುವ ಗಾಜಿನ ಗೋಡೆಗಳು. ಶಾಲಾಮಕ್ಕಳು ಕ್ಲೌನ್ ಮೀನಿನ ಎದುರು ಮುಗಿಬಿದ್ದಿದ್ದರು. ನಾನು ಗಮನಿಸಿದ್ದು ಯಾವ ತೊಟ್ಟಿಯಲ್ಲಿ ಯಾವುದನ್ನು ಯಾವುದರೊಂದಿಗೆ ಇರಿಸಿಲ್ಲ ಎಂಬುದನ್ನು. ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿಕೊಂಡು ತೇಲುತ್ತಿದ್ದ ಸಿಂಹಮೀನಿನ ಬಳಿ ಸಣ್ಣ ಮೀನೊಂದೂ ಇರಲಿಲ್ಲ. ಅಲ್ಲಿನ ಸಿಬ್ಬಂದಿಯೊಬ್ಬರು ನನ್ನ ಕುತೂಹಲ ಕಂಡು ಹತ್ತಿರ ಬಂದರು. "ಅದು ಜಗಳಗಂಟಿಯಲ್ಲ ಸಾರ್. ಆದರೆ ಬಾಯಿಯಲ್ಲಿ ಹಿಡಿಸುವುದೆಲ್ಲವೂ ಅದಕ್ಕೆ ಆಹಾರ," ಎಂದರು ಮಲಯಾಳದಲ್ಲಿ. ಮುಂದಿನ ಒಂದು ಗಂಟೆ ನಾನು ಪಾಟೀಸವಾಲು ಮಾಡಿದೆ. ಅವರು ಬೇಸರಿಸದೆ ಉತ್ತರಿಸಿದರು.

ಮೊದಲನೆಯ ಮಾತು: ಅಂಗಡಿಯಲ್ಲಿ ಕಂಡ ಗಾತ್ರವನ್ನಲ್ಲ, ಪೂರ್ತಿ ಬೆಳೆದಾಗಿನ ಗಾತ್ರವನ್ನು ಲೆಕ್ಕಕ್ಕೆ ಹಿಡಿಯಬೇಕು. ಸಿನಿಮಾದಿಂದ ಮಕ್ಕಳಿಗೆ ಪರಿಚಿತವಾದ ನೀಲಿ ಸರ್ಜನ್ ಮೀನು ಮರಿಯಾಗಿದ್ದಾಗ ಹೆಬ್ಬೆರಳಿನಷ್ಟಿದ್ದರೂ 30 ಸೆಂಟಿಮೀಟರಿನವರೆಗೆ ಬೆಳೆಯಬಲ್ಲದು. ದಿನವಿಡೀ ಈಜಾಡುವ ಜೀವಿ ಅದು. ಎರಡನೆಯದು ಆಹಾರ. ಚಿಟ್ಟೆಮೀನುಗಳಲ್ಲಿ ಹಲವು ಬಗೆಯವು ಜೀವಂತ ಹವಳದ ಹುಳುಗಳನ್ನೇ ತಿಂದು ಬದುಕುವವು. ಒಣ ಆಹಾರ ಅವಕ್ಕೆ ಆಹಾರವೇ ಅಲ್ಲ. ನಮ್ಮ ಹಳದಿ ಮೀನು ಸತ್ತದ್ದು ಹಸಿವಿನಿಂದ ಎಂದು ಆ ಕ್ಷಣ ಅರಿವಾಯಿತು.

ಮೂರನೆಯದು ನೆಲದ ಹಕ್ಕು. ಡ್ಯಾಮ್ಸೆಲ್ ಮೂರು ಅಂಗುಲ ಮೀರಿ ಬೆಳೆಯದು. ಆದರೆ ಒಂದು ಕಲ್ಲಿನ ಸಂದನ್ನು ತನ್ನದೆಂದು ಹಿಡಿದ ಮೇಲೆ ಅದರ ಸುತ್ತ ಯಾರನ್ನೂ ಸುಳಿಯಗೊಡದು. ವಿಶಾಲ ಕಡಲಿನಲ್ಲಿ ಸೋತ ಮೀನು ಓಡಿಹೋಗುತ್ತದೆ. ಎರಡಡಿಯ ತೊಟ್ಟಿಯಲ್ಲಿ ಓಡಲು ಎಡೆಯಿಲ್ಲ. ಆದ್ದರಿಂದ ಜಗಳ ಸಾವಿನವರೆಗೆ ಮುಂದುವರಿಯುತ್ತದೆ. ಗಡಿ ತಕರಾರಿನ ದಾವೆಗಳಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಸ್ವಾಧೀನ ಪಡೆದವನ ಬಲ ಅಲ್ಲಿಯೂ ಅದೇ. ಹಾಗಾಗಿ ಮೀನುಗಳನ್ನು ಬಿಡುವ ಕ್ರಮವೂ ಮುಖ್ಯ: ಸಾಧು ಸ್ವಭಾವದವು ಮೊದಲು, ಗಟ್ಟಿಗರು ಕೊನೆಗೆ, ಒಂದಕ್ಕೂ ಇನ್ನೊಂದಕ್ಕೂ ಕೆಲವು ವಾರಗಳ ಅಂತರ.

ಹಾಗಾದರೆ ಸಣ್ಣ ತೊಟ್ಟಿಗೆ ಒಪ್ಪುವವು ಯಾವುವು? ಅವರು ಮೊದಲು ಹೆಸರಿಸಿದ್ದು ಗೋಬಿ ಜಾತಿಯ ಪುಟ್ಟ ಮೀನುಗಳನ್ನು. ತಳದ ಮರಳಿನಲ್ಲಿ ಬದುಕುವ ಇವು ಮೇಲೆ ಈಜುವವರ ತಂಟೆಗೆ ಹೋಗುವುದಿಲ್ಲ. ಕೆಲವು ಗೋಬಿಗಳು ಒಂದು ಬಗೆಯ ಸಿಗಡಿಯೊಂದಿಗೆ ಒಂದೇ ಬಿಲದಲ್ಲಿ ವಾಸಿಸುತ್ತವೆ. ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ. ಕಣ್ಣು ಚುರುಕಾದ ಮೀನು ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮೀನಿನ ಬಾಲ ಅದುರಿದರೆ ಅಪಾಯವೆಂದು ಒಳಗೆ ಸರಿಯುತ್ತದೆ. ನಡುನೀರಿಗೆ ಕ್ಲೌನ್ ಮೀನಿನ ಒಂದೇ ಜೋಡಿ. ಅವೆಲ್ಲ ಗಂಡಾಗಿಯೇ ಬೆಳೆಯುತ್ತವೆ; ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಜೊತೆಯ ಗಂಡು ಅದರ ಸ್ಥಾನಕ್ಕೇರಿ ಹೆಣ್ಣಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು ಎಂದು ಮರಿಗಳನ್ನು ಆರಿಸಿದರೆ ಜೋಡಿ ತಾನಾಗಿ ಕೂಡುತ್ತದೆ. ಮೂರನೆಯದನ್ನು ಸೇರಿಸಿದರೆ ಅದರ ಪಾಡು ಕಷ್ಟ. ಕ್ಲೌನ್ ಮೀನಿಗೆ ಕಡಲಹೂವಿನ ಆಸರೆ ಬೇಕೇ ಬೇಕೆಂಬುದೂ ಸರಿಯಲ್ಲ. ಬೇಟೆಗಾರರಿಲ್ಲದ ತೊಟ್ಟಿಯಲ್ಲಿ ಅದಿಲ್ಲದೆಯೂ ಅವು ಸುಖವಾಗಿರುತ್ತವೆ. ಅವನ್ನು ಕಡಲಿನಿಂದ ಹಿಡಿಯಬೇಕಾಗಿಯೂ ಇಲ್ಲ. ಈ ಸಂಸ್ಥೆಯ ವಿಜ್ಞಾನಿಗಳು ಹಲವು ಅಲಂಕಾರಿಕ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಹಾಗೆ ಹುಟ್ಟಿದವು ಗಾಜಿನ ಗೋಡೆಗೂ ಒಣ ಆಹಾರಕ್ಕೂ ಹುಟ್ಟಿನಿಂದಲೇ ಒಗ್ಗಿಕೊಂಡಿರುತ್ತವೆ.

ಮೀನಿಗಿಂತ ಮೊದಲು ನೀರು ಸಿದ್ಧವಾಗಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಮರಳಿನಲ್ಲಿಯೂ ಕಲ್ಲಿನಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಮೂರು ದಿನ. ತೊಟ್ಟಿ ಸಣ್ಣದಾದಷ್ಟೂ ನೀರು ಬೇಗ ಕೆಡುತ್ತದೆ. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿಸಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ತಪ್ಪಿರಲಿಲ್ಲ. ಮೀನು ಕೊಂಡ ದಿನ ಅಂಗಡಿಯವನು ಬಿಳಿಯ ಹವಳದ ಕೊಂಬೆಯೊಂದನ್ನೂ ಮುಂದಿಟ್ಟಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿಯೇ ದಿಬ್ಬ ಕಟ್ಟುವ ಹವಳಗಳೂ ಕಡಲಕುದುರೆಗಳೂ ಸೇರಿವೆ; ಅವುಗಳ ಮಾರಾಟ ಅಪರಾಧ. ಬೇಡವೆಂದು ಹಿಂದಿರುಗಿಸಿದ್ದೆ. ಕಾನೂನು ತಿಳಿದಿತ್ತು, ಮೀನು ತಿಳಿದಿರಲಿಲ್ಲ.

ಕೊನೆಗೆ ಮಗಳ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಒಂಟಿ ಡ್ಯಾಮ್ಸೆಲ್‌ಗೆ ಜೊತೆ ಯಾರು? "ಯಾರೂ ಬೇಡ," ಎಂದರು. "ಕಲ್ಲುಗಳನ್ನು ಅದಲುಬದಲು ಮಾಡಿ ಅದರ ಗಡಿಯನ್ನು ಅಳಿಸಿ, ಹೊಸಬರನ್ನು ಬಿಡುವ ಉಪಾಯವೊಂದಿದೆ. ದೊಡ್ಡ ತೊಟ್ಟಿಯಲ್ಲಾದರೆ ನಡೆದೀತು, ನಿಮ್ಮದರಲ್ಲಿ ನಡೆಯದು. ಅದು ಒಂಟಿಯಾಗಿದೆಯೆಂದು ನಿಮಗೆ ತೋರುತ್ತದೆ. ಅದು ತನ್ನ ಮನೆಯಲ್ಲಿದೆ."

ಮರುದಿನ ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಇಷ್ಟು ದಿನ ಆ ಮೀನನ್ನು ಕೊಲೆಗಾರನೆಂದೇ ಕಾಣುತ್ತಿದ್ದ ನನಗೆ, ಅಪರಾಧ ನನ್ನದೆಂದು ಅವಳೆದುರು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಅವಳು ತುಸು ಯೋಚಿಸಿ, "ಹಾಗಾದರೆ ಆ ತೊಟ್ಟಿ ಅದಕ್ಕೇ ಇರಲಿ," ಎಂದಳು.

ಈಗ ಜಗಲಿಯಲ್ಲಿ ಮೂರಡಿಯ ಇನ್ನೊಂದು ತೊಟ್ಟಿಯಿದೆ. ಕಲ್ಲು ಮರಳು ಕಳೆದು 150 ಲೀಟರಿನಷ್ಟು ನೀರು. ಅದರಲ್ಲಿ ಮೀನಿಲ್ಲ. ನಾಲ್ಕು ವಾರಗಳಿಂದ ಮಗಳು ನೀರನ್ನು ಪರೀಕ್ಷಿಸಿ, ಅಮೋನಿಯಾದ ಅಳತೆಯನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತಿದ್ದಾಳೆ. ಅದು ಸೊನ್ನೆಗಿಳಿದು ನೈಟ್ರೈಟೂ ಇಲ್ಲವಾದ ಮೇಲೆ ಒಂದು ಗೋಬಿ, ಆಮೇಲೆ ತೊಟ್ಟಿಯಲ್ಲೇ ಹುಟ್ಟಿದ ಎರಡು ಕ್ಲೌನ್ ಮರಿ, ಅಷ್ಟೇ. ನೋಡಬಂದವರು, ಖಾಲಿ ತೊಟ್ಟಿಗೆ ದೀಪ ಹಾಕಿ ಕೂತಿದ್ದೀರಲ್ಲಾ ಎಂದು ನಗುತ್ತಾರೆ. ಒಳಕೋಣೆಯಲ್ಲಿ ನೀಲಿ ಮೀನು ತನ್ನ ಕಲ್ಲಿನ ಸುತ್ತ ಎಂದಿನಂತೆ ಗಸ್ತು ತಿರುಗುತ್ತಿದೆ.