ಕೋವಿಗೊಂದು ಅರ್ಜಿ

ಒಂದು ಜೀವಮಾನದಲ್ಲಿ ನಾವು ತುಂಬುವ ಅರ್ಜಿಗಳಿಗೆ ಲೆಕ್ಕವುಂಟೇ? ರೇಷನ್ ಕಾರ್ಡು, ಗ್ಯಾಸು, ಮಕ್ಕಳ ಶಾಲೆ, ಮನೆ ಸಾಲ, ಪಾಸ್‌ಪೋರ್ಟು. ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ ಸವೆಸಿದ ನನ್ನಂಥವಳಿಗಂತೂ ಅರ್ಜಿಯೆಂದರೆ ಅನ್ನ. ಕೌಂಟರಿನ ಆಚೆ ನಿಂತವರಿಗೆ ‘ಇಲ್ಲೊಂದು ಸಹಿ, ಅಲ್ಲೊಂದು ಸಹಿ’ ಎಂದು ಬೆರಳು ತೋರಿಸುತ್ತಲೇ ತಲೆ ನರೆತಿದೆ. ಅಂಥ ನನ್ನನ್ನೂ ಒಂದು ಅರ್ಜಿ ಮೂರು ವಾರ ಕಾಡಿಸಿತು. ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ತುಂಬದೆಯೇ ಬಿದ್ದುಕೊಂಡಿತ್ತು. ಅದು ಬಂದೂಕಿನ ಲೈಸೆನ್ಸಿಗಾಗಿ ಹಾಕುವ ಅರ್ಜಿ.

ಗಾಬರಿಯಾಗಬೇಡಿ. ನನಗೆ ಯಾರ ಮೇಲೂ ಹಗೆಯಿಲ್ಲ, ನನ್ನ ಮೇಲೂ ಯಾರಿಗೂ ಇಲ್ಲ ಎಂದು ನಂಬಿದ್ದೇನೆ. ನನ್ನದು ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಗುರಿಯಿಟ್ಟು ಹೊಡೆಯುವ ಆಟ. ಇದನ್ನು ಹೇಳಿಕೊಳ್ಳುವುದೇ ಒಂದು ಫಜೀತಿ. ‘ಭಾನುವಾರ ಶೂಟಿಂಗ್ ಇದೆ’ ಎಂದರೆ ನಮ್ಮವರು ಮೊದಲು ಕೇಳುವುದು ‘ಯಾವ ಸಿನಿಮಾ?’ ಎಂದೇ. ‘ಅಲ್ಲ, ರೈಫಲ್ ಶೂಟಿಂಗ್’ ಎಂದರೆ ನನ್ನ ಕನ್ನಡಕವನ್ನೂ ಸೀರೆಯನ್ನೂ ಒಮ್ಮೆ ನೋಡಿ ನಕ್ಕುಬಿಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ, ರೈಲ್ವೆ ನೌಕರ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಇನ್ನೊಂದು ಕಂಚು ತಂದ ಮೇಲೆ ನಗು ಸ್ವಲ್ಪ ಕಡಿಮೆಯಾಗಿದೆ. ‘ಟಿಕೆಟ್ ನೋಡುವವರು ಹೊಡೆಯಬಹುದಾದರೆ ಡಿ.ಡಿ. ಬರೆಯುವವರು ಯಾಕೆ ಹೊಡೆಯಬಾರದು’ ಎಂದು ನಮ್ಮ ಮ್ಯಾನೇಜರೇ ತೀರ್ಪು ಕೊಟ್ಟರು.

ನಾನು ಈ ಆಟಕ್ಕೆ ಬಿದ್ದದ್ದು ನಲವತ್ತನಾಲ್ಕರ ವಯಸ್ಸಿನಲ್ಲಿ. ಮಗನನ್ನು ಬೇಸಿಗೆ ಶಿಬಿರಕ್ಕೆ ಬಿಡಲು ಹೋದವಳು ಕಾಯುತ್ತ ಕೂರುವ ಬದಲು ನಾನೂ ಒಂದು ಕೈ ನೋಡಿದೆ. ಮಗ ಎರಡೇ ತಿಂಗಳಿಗೆ ಕ್ರಿಕೆಟ್ಟಿಗೆ ಓಡಿದ, ನಾನು ಉಳಿದುಕೊಂಡೆ. ಮೊದಮೊದಲು ಎಲ್ಲರಂತೆ ಏರ್ ರೈಫಲ್. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಎಂದರೆ ಕೇವಲ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. 4.5 ಮಿಲಿಮೀಟರಿನ ಈ ಗಾಳಿ ಬಂದೂಕಿನ ಶಕ್ತಿ ನಿಗದಿತ ಮಿತಿಯೊಳಗಿದ್ದರೆ ಲೈಸೆನ್ಸು ಬೇಡ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇಂಥ ಸ್ಪರ್ಧೆಯಲ್ಲೇ. ಆದರೆ ಹತ್ತು ಮೀಟರಿನಿಂದ ಐವತ್ತು ಮೀಟರಿಗೆ ದಾಟಿದಿರೋ, ಕೈಗೆ ಬರುವುದು .22 ರೈಫಲ್. ಅದರಲ್ಲಿ ಮದ್ದಿದೆ, ತೋಟಾ ಇದೆ, ಸದ್ದಿದೆ. ಅಲ್ಲಿಂದ ಮುಂದೆ ಅದು ಆಟದ ಸಾಮಾನಲ್ಲ, 1959ರ ಶಸ್ತ್ರಾಸ್ತ್ರ ಕಾಯಿದೆಯ ಕಣ್ಣಿನಲ್ಲಿ ಆಯುಧ. ಕ್ಲಬ್ಬಿನ ರೈಫಲಿನಲ್ಲಿ ಕೆಲವು ವರ್ಷ ಅಭ್ಯಾಸ ಮಾಡಬಹುದು. ಆದರೆ ಹತ್ತು ಜನರ ಭುಜಕ್ಕೆ ಒಗ್ಗಿದ್ದು ಯಾರ ಭುಜಕ್ಕೂ ಸರಿಯಾಗಿ ಒಗ್ಗುವುದಿಲ್ಲ. ‘ಇನ್ನು ನೀವು ಸ್ವಂತದ್ದು ಮಾಡಿಕೊಳ್ಳಬೇಕು’ ಎಂದರು ನಮ್ಮ ತರಬೇತುದಾರರು. ಹಾಗೆ ಬಂತು ಈ ಅರ್ಜಿ.

ಈಗ ಅರ್ಜಿಯನ್ನು ಕಂಪ್ಯೂಟರಿನ ಮೂಲಕ ಸಲ್ಲಿಸಿ, ಅದರ ಪ್ರತಿಯನ್ನು ದಾಖಲೆಗಳ ಕಟ್ಟಿನೊಂದಿಗೆ ಕಚೇರಿಗೆ ಒಯ್ಯಬೇಕು. ನಾನು ಮೊದಲು ಓದಿಕೊಳ್ಳೋಣವೆಂದು ನಮೂನೆಯನ್ನು ಸೈಬರ್ ಅಂಗಡಿಯಲ್ಲಿ ಅಚ್ಚು ಹಾಕಿಸಿದೆ. ಅಂಗಡಿಯ ಹುಡುಗ ಪುಣ್ಯಾತ್ಮ. ‘ಮೇಡಂ, ಕಾರಣ ಅಂತ ಕೇಳುವ ಕಡೆ ಆತ್ಮರಕ್ಷಣೆ ಅಂತ ಹಾಕಿಬಿಡಿ, ಎಲ್ಲರೂ ಅದನ್ನೇ ಹಾಕೋದು’ ಎಂದು ಪುಕ್ಕಟೆ ಸಲಹೆ ಕೊಟ್ಟ. ಯಾರಿಂದ ರಕ್ಷಣೆ ಎಂದು ಕೇಳಿದೆ. ‘ಅದು ನಿಮಗೇ ಗೊತ್ತಿರಬೇಕು’ ಎಂದ. ನನ್ನ ಆತ್ಮಕ್ಕೆ ಸದ್ಯ ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟರೆ ಬೇರೆ ಶತ್ರುಗಳಿಲ್ಲ. ಅದಕ್ಕೆ .22 ನಾಟುವುದಿಲ್ಲ. ‘ಗುರಿ ಅಭ್ಯಾಸ’ ಎಂದೇ ಬರೆಯುವುದೆಂದು ತೀರ್ಮಾನಿಸಿದೆ.

ಹಾಗೆ ಬರೆಯಲು ಕಾಯಿದೆಯಲ್ಲೇ ಜಾಗವಿದೆ. ಅದರ 13ನೇ ಕಲಮಿನಲ್ಲಿ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲನ್ನು ಹೆಸರಿಟ್ಟೇ ಹೇಳಿದ್ದಾರೆ. ಅದರ ಮೇಲಿನ ಸಾಲಿನಲ್ಲೇ ಇನ್ನೊಂದು ಕೋವಿ ಬರುತ್ತದೆ: ರೈತ ಬೆಳೆ ಕಾಯಲು ಇಟ್ಟುಕೊಳ್ಳುವ, ಬಾಯಿಯಿಂದ ಮದ್ದು ತುಂಬುವ ಕೋವಿ. ಈ ಎರಡು ಸಾಲುಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನ ಗೆಳತಿ ಕೊಡಗಿನವಳು. ನನ್ನ ಕಾಗದಗಳ ಕಂತೆ ನೋಡಿ ಅವಳಿಗೆ ಮರುಕ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಮಗೆ ಗೊತ್ತಿರಬಹುದು. 1861ರಷ್ಟು ಹಳೆಯದಾದ ಈ ರಿವಾಜನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ‘ನಮ್ಮಲ್ಲಿ ಮಗು ಹುಟ್ಟಿದರೂ ಒಂದು ಗುಂಡು, ಸತ್ತರೂ ಗುಂಡು. ಕೈಲ್ ಪೋಳ್ದ್ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತೇವೆ. ಮಾರನೆಯ ದಿನ ತೆಂಗಿನಕಾಯಿಗೆ ಗುರಿ ಹೊಡೀತೇವೆ. ನೀನು ನೋಡಿದರೆ ಮನೆಯೊಳಗೆ ಕೋವಿಯ ಹೆಸರೆತ್ತಲೂ ಹೆದರ್ತೀಯ’ ಎಂದಳು.

ಹೆದರಿಕೆಗೆ ಕಾರಣವಿತ್ತು. ಅವಳ ಮನೆಯಲ್ಲಿ ಕೋವಿಗೆ ಹೂವು. ನಮ್ಮ ಮನೆಯಲ್ಲಿ ಕೋವಿಗೆ ಐವತ್ತು ವರ್ಷಗಳ ಮೌನ.

ನನ್ನ ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಕೆಳಗೆ ಗದ್ದೆ, ಸುತ್ತ ಕಾಡು. ಹಂದಿ ಓಡಿಸಲು ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. 1974ರಲ್ಲಿ ಅಮ್ಮ ಬಾಣಂತನಕ್ಕೆಂದು ತವರಿನಲ್ಲಿದ್ದಳು. ನಾನು ಎರಡು ತಿಂಗಳ ಕೂಸು. ಅಮ್ಮನ ತಮ್ಮ, ಇಪ್ಪತ್ತೆರಡರ ಹುಡುಗ, ರಾತ್ರಿ ಗದ್ದೆ ಕಾದು ಬೆಳಗಿನ ಜಾವ ಮನೆಗೆ ಬಂದ. ಕಾಲು ತೊಳೆಯಲೆಂದು ಕೋವಿಯನ್ನು ಜಗಲಿಯ ಕಂಬಕ್ಕೆ ಒರಗಿಸಿದ. ಈಡು ತುಂಬಿದ್ದು ತುಂಬಿದ ಹಾಗೆಯೇ ಇತ್ತು, ಕುದುರೆ ಏರಿಸಿದ್ದು ಏರಿಸಿದ ಹಾಗೆಯೇ. ಕೋವಿ ಜಾರಿತು. ಒಳಗೆ ನನಗೆ ಹಾಲೂಡಿಸುತ್ತ ಕೂತಿದ್ದ ಅಮ್ಮ ಹಂದಿ ಅಂಗಳಕ್ಕೇ ಬಂತೇನೋ ಎಂದುಕೊಂಡಳಂತೆ. ಹದಿಮೂರು ದಿನ ಕಳೆದ ಮೇಲೆ ಅಜ್ಜ ಆ ಕೋವಿಯನ್ನೂ ಲೈಸೆನ್ಸನ್ನೂ ಠಾಣೆಗೆ ಒಪ್ಪಿಸಿ ಬಂದರು. ಮುಂದೆ ಎಷ್ಟು ಹಂದಿ ನುಗ್ಗಿದರೂ ತಮಟೆ, ಪಟಾಕಿ ಅಷ್ಟೇ. ಆ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ದೀಪಾವಳಿಯಲ್ಲಿ ಅಮ್ಮ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದುದು ಯಾಕೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ನನ್ನ ಜೊತೆಯಲ್ಲೇ ಇದ್ದಾಳೆ. ನಾನು ರೇಂಜಿಗೆ ಹೋಗುವುದು ಅವಳಿಗೆ ಗೊತ್ತು. ಅದು ಎಲ್ಲೋ ಊರಾಚೆಯ ಸಂಗತಿ, ಬಿಡು ಎಂಬಂತೆ ಇದ್ದಳು. ಆದರೆ ಮೇಜಿನ ಮೇಲಿನ ಅರ್ಜಿ ಅವಳ ಕಣ್ಣಿಗೆ ಬಿತ್ತು. ಮೂರು ವಾರ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೊಂದು ಭಾನುವಾರ ಹುರುಳಿಕಾಯಿ ಸೋಸುತ್ತ, ‘ಅದರಲ್ಲಿ ಏನು ಬರೆದಿದ್ದಾರೆ, ಓದು’ ಎಂದಳು.

ನಾನು ಒಂದೊಂದಾಗಿ ಕನ್ನಡ ಮಾಡಿ ಓದಿದೆ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಈಗಿನ ವಿಳಾಸ, ಹತ್ತಿರದ ಪೊಲೀಸ್ ಠಾಣೆ. ಯಾವುದಾದರೂ ಅಪರಾಧ ನಿಮ್ಮ ಮೇಲೆ ಸಾಬೀತಾಗಿದೆಯೇ? ‘ಇಲ್ಲ ಅಂತ ಬರಿ. ಬ್ಯಾಂಕಿನವರು ಬಡ್ಡಿ ತಿನ್ನೋದನ್ನ ಅಪರಾಧ ಅನ್ನೋದಿಲ್ಲವಲ್ಲ’ ಎಂದಳು. ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆದುಕೊಡಲು ನ್ಯಾಯಾಲಯ ನಿಮಗೆ ಎಂದಾದರೂ ಹೇಳಿದೆಯೇ? ಹಿಂದೆ ಅರ್ಜಿ ಹಾಕಿ ತಿರಸ್ಕೃತವಾಗಿದೆಯೇ? ಕುಟುಂಬದಲ್ಲಿ ಬೇರೆ ಯಾರಿಗಾದರೂ ಲೈಸೆನ್ಸು ಇದೆಯೇ? ಇಲ್ಲಿಗೆ ಬಂದಾಗ ನನ್ನ ದನಿ ತಗ್ಗಿತು. ಅಮ್ಮ ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಆಯುಧವನ್ನು ಸುರಕ್ಷಿತವಾಗಿಡಲು ಜಾಗವಿದೆಯೇ? ಆಯುಧ ಬಳಸುವ ತರಬೇತಿ ಪಡೆದಿದ್ದೀರಾ?

ಅಮ್ಮನ ಕೈ ನಿಂತಿತು.

‘ಇದನ್ನೆಲ್ಲ ಕೇಳ್ತಾರಾ?’

ಹೌದು ಎಂದೆ. 2016ರಲ್ಲಿ ಹೊಸ ನಿಯಮಗಳು ಬಂದಿವೆ, ಸುರಕ್ಷತೆಯ ತರಬೇತಿಯ ಪ್ರಮಾಣಪತ್ರ ಬೇಕು, ಬಂದೂಕನ್ನು ಹೇಗೆ ಇಡುತ್ತೇನೆಂದು ಬರೆದುಕೊಡಬೇಕು, ಮೈ ಮನಸ್ಸು ಸರಿಯಿದೆ, ಕುಡಿತ ಮತ್ತಿನ ಚಟವಿಲ್ಲ ಎಂದು ಡಾಕ್ಟರು ಬರೆಯಬೇಕು ಎಂದು ವಿವರಿಸಿದೆ.

‘ಅವನಿಗೆ ಇದನ್ನು ಯಾರೂ ಕೇಳಲಿಲ್ಲ’ ಎಂದಳು ಅಮ್ಮ. ಆಮೇಲೆ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಅಲ್ಲಿಯವರೆಗೆ ಆ ಅರ್ಜಿ ನನಗೆ ಸರ್ಕಾರದ ಕಿರುಕುಳವಾಗಿ ಕಂಡಿತ್ತು. ಕ್ಲಬ್ಬಿನಲ್ಲಿ ನಾವೆಲ್ಲ ಅದನ್ನು ಬೈಯುವವರೇ. ಬೈಯಲು ಇತಿಹಾಸವೂ ಒದಗುತ್ತದೆ. 1878ರಲ್ಲಿ, ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ, ಬ್ರಿಟಿಷರು ಮಾಡಿದ ಕಾಯಿದೆ ನಮ್ಮವರನ್ನು ನಿರಾಯುಧರನ್ನಾಗಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಸ್ವತಂತ್ರ ಭಾರತ ಅದನ್ನು ಕಿತ್ತುಹಾಕಿ 1959ರ ಕಾಯಿದೆ ತಂದಿತು. ಆದರೂ ಇಷ್ಟೊಂದು ಅನುಮಾನ ಯಾಕೆ ಎನ್ನುವುದು ನಮ್ಮ ವಾದ. ಅಮ್ಮನ ಒಂದು ಮಾತಿನ ಮುಂದೆ ಈ ವಾದ ಮಂಕಾಯಿತು. 13ನೇ ಕಲಮಿನ ಆ ಎರಡು ಸಾಲುಗಳು ನೆನಪಿವೆಯಲ್ಲ? ಮೇಲಿನ ಸಾಲಿನದು ಮಾವ ಒರಗಿಸಿಟ್ಟ ಕೋವಿ, ಕೆಳಗಿನದು ನಾನು ಬಯಸುವ ರೈಫಲ್. ನನ್ನದು ಕ್ರೀಡೆ, ಅವರದು ಬೆಳೆ ಎಂದು ನಾನು ಎಷ್ಟು ದೂರ ನಿಂತರೂ ಕಾನೂನಿನಲ್ಲಿ ಅವೆರಡೂ ಒಡಹುಟ್ಟಿದವು. ಜಾರಿದರೆ ಎರಡೂ ಒಂದೇ ಕೆಲಸ ಮಾಡುತ್ತವೆ.

ಮರುದಿನವೇ ಉಕ್ಕಿನ ಕಪಾಟು ಬಂತು. ಒಳಕೋಣೆಯ ಗೋಡೆಗೆ ನಾಲ್ಕು ಬೋಲ್ಟು ಜಡಿಸಿದೆ. ತೋಟಾಗಳಿಗೆ ಇನ್ನೊಂದು ಕೋಣೆಯಲ್ಲಿ ಬೇರೆ ಪೆಟ್ಟಿಗೆ, ಬೇರೆ ಬೀಗ. ಕೆಲಸದವನು ‘ಚಿನ್ನ ಜಾಸ್ತಿ ಇರಬೇಕು’ ಎಂದು ಮೆಚ್ಚುಗೆಯಿಂದ ನೋಡಿದ. ಅವನು ಹೋದ ಮೇಲೆ ಅಮ್ಮ ಬಂದು ಹಿಡಿಕೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿದಳು. ಮತ್ತೊಮ್ಮೆ ಎಳೆದಳು. ಏನೂ ಹೇಳಲಿಲ್ಲ. ಅಂದು ರಾತ್ರಿ ನಾನು ಅರ್ಜಿ ತುಂಬಿದೆ.

ಡಾಕ್ಟರು ಕಣ್ಣು ನೋಡಿದರು, ರಕ್ತದೊತ್ತಡ ನೋಡಿದರು, ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದರು. ‘ಮಾರ್ಚ್ ತಿಂಗಳ ಲೆಕ್ಕ ಮುಗಿಯುವವರೆಗೆ ಬರುವುದಿಲ್ಲ’ ಎಂದೆ. ‘ಅದು ಕಾಯಿಲೆಯಲ್ಲ’ ಎಂದು ಸಹಿ ಹಾಕಿದರು. ಕಚೇರಿಯಲ್ಲಿ ಕಾಗದ ಕೊಡಲು ನಿಂತಾಗ ನನ್ನ ಮುಂದೆ ಒಬ್ಬ ಹಿರಿಯ ರೈತರಿದ್ದರು. ಅವರದು ಬೆಳೆ ರಕ್ಷಣೆಯ ಕೋವಿ, ಲೈಸೆನ್ಸಿನ ನವೀಕರಣ. 2019ರ ತಿದ್ದುಪಡಿಯಿಂದ ಮೂರು ವರ್ಷದ ಅವಧಿ ಐದು ವರ್ಷವಾದದ್ದು ಅವರಿಗೆ ಸಮಾಧಾನ ತಂದಿತ್ತು. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಬೇಕಾಗುವುದು ಮಾತ್ರ ಸಂಕಟ. ‘ನೀತಿ ಸಂಹಿತೆ ನಮಗೆ ಗೊತ್ತಮ್ಮ, ಹಂದಿಗೆ ಯಾರು ಹೇಳೋದು?’ ಎಂದರು. ನಾನು ನಕ್ಕೆ. ಆಮೇಲೆ, ಅವರು ಕೇಳದಿದ್ದರೂ, ‘ಮನೆಗೆ ಬರುವ ಮುಂಚೆ ಈಡು ತೆಗೀತೀರಲ್ಲ?’ ಎಂದೆ. ಅವರು ನನ್ನನ್ನೊಮ್ಮೆ ನೋಡಿ, ‘ನಮ್ಮಪ್ಪ ಕಲಿಸಿದ ಮೊದಲನೇ ಪಾಠ ಅದೇ’ ಎಂದರು. ಎಲ್ಲರಿಗೂ ಅಂಥ ಅಪ್ಪ ಇರುವುದಿಲ್ಲ. ಇಲ್ಲದವರಿಗಾಗಿಯೇ ಈ ನಿಯಮಗಳಿವೆಯೆಂದು ಕಾಣುತ್ತದೆ.

ಹದಿನೈದು ದಿನ ಕಳೆದು ಠಾಣೆಯಿಂದ ವಿಚಾರಣೆಗೆ ಒಬ್ಬ ಪೇದೆ ಬಂದರು. ಮೊದಲು ಪಕ್ಕದ ಮನೆಯಲ್ಲಿ ನನ್ನ ನಡತೆ ವಿಚಾರಿಸಿದರಂತೆ. ‘ರಂಗೋಲಿ ಬಹಳ ಚೆನ್ನಾಗಿ ಹಾಕ್ತಾರೆ’ ಎಂದು ನೆರೆಯಾಕೆ ಸರ್ಟಿಫಿಕೇಟು ಕೊಟ್ಟರು. ನಮ್ಮಲ್ಲಿಗೆ ಬಂದು ಕಪಾಟು ನೋಡಿ, ಕ್ಲಬ್ಬಿನ ಪತ್ರ ನೋಡಿ, ಕೊನೆಗೆ ಅಮ್ಮನ ಕಡೆ ತಿರುಗಿ, ‘ಅಜ್ಜೀ, ಮನೆಯಲ್ಲಿ ಬಂದೂಕು ಇಡೋದಕ್ಕೆ ನಿಮ್ಮದೇನಾದರೂ ಅಭ್ಯಂತರ ಇದೆಯಾ?’ ಎಂದರು.

‘ಇದೆ’ ಎಂದಳು ಅಮ್ಮ.

ಪೇದೆಯ ಪೆನ್ನು ಗಾಳಿಯಲ್ಲೇ ನಿಂತಿತು. ನನ್ನ ಉಸಿರು ಕೂಡ.

‘ಬಂದೂಕು ಮನೆಗೆ ಬರೋದು ನನಗೆ ಇಷ್ಟ ಇಲ್ಲ. ಸಾಯೋವರೆಗೂ ಇಷ್ಟ ಆಗೋದಿಲ್ಲ. ಆದರೆ ಇವಳು ಎಲ್ಲಿಡ್ತಾಳೆ, ಹೇಗಿಡ್ತಾಳೆ ಅಂತ ನೋಡಿದ್ದೇನೆ. ಬೀಗ ಎಳೆದೂ ನೋಡಿದ್ದೇನೆ. ಕೊಡಿ’ ಎಂದಳು.

‘ಇದನ್ನ ಹೇಗೆ ಬರೆಯೋದು ಮೇಡಂ?’ ಎಂದು ಪೇದೆ ನನ್ನ ಮುಖ ನೋಡಿದರು. ನಾನೇನು ಹೇಳಲಿ? ಕೊನೆಗೆ ಅವರು ಏನು ಬರೆದುಕೊಂಡರೋ, ಕಾಫಿ ಕುಡಿದು ಹೊರಟರು.

ಲೈಸೆನ್ಸು ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದು. ಅದು ಬಂದಾಗ ಬರಲಿ, ಕಡತಕ್ಕೆ ಅದರದೇ ನಡಿಗೆಯಿದೆ ಎನ್ನುವುದು ಬ್ಯಾಂಕಿನವಳಾದ ನನಗೆ ಗೊತ್ತು. ಬೇಡ ಎನ್ನುವ ಹಕ್ಕಿದ್ದೂ, ಇಷ್ಟವಿಲ್ಲವೆಂದು ಬಾಯಿಬಿಟ್ಟು ಹೇಳಿಯೂ ‘ಕೊಡಿ’ ಎಂದವಳ ಒಪ್ಪಿಗೆ ಸಿಕ್ಕಿದೆಯಲ್ಲ, ಅದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ನಿಮ್ಮಲ್ಲಿ ಯಾರಾದರೂ ಈ ಅರ್ಜಿ ಹಾಕುವವರಿದ್ದರೆ ನನ್ನದೊಂದು ಮಾತು: ದುಡ್ಡು ಕೊಟ್ಟು ಬೇರೆಯವರಿಂದ ತುಂಬಿಸಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಜೋರಾಗಿ ಓದಿ. ಯಾವ ಪ್ರಶ್ನೆಗೆ ಯಾರು ಸುಮ್ಮನಾಗುತ್ತಾರೆಂದು ನೋಡಿ.

ಸದ್ಯಕ್ಕೆ ಭಾನುವಾರಗಳಲ್ಲಿ ಕ್ಲಬ್ಬಿನ ರೈಫಲಿನಲ್ಲೇ ಅಭ್ಯಾಸ ನಡೆದಿದೆ. ಚಾಪೆಯ ಮೇಲೆ ಬೋರಲು ಮಲಗಿ ಅರವತ್ತು ಗುಂಡು. ಐವತ್ತು ಮೀಟರ್ ಆಚೆ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್. ಬೆರಳು ಒತ್ತುವ ಮುಂಚೆ ಉಸಿರು ಬಿಟ್ಟು ಒಂದು ಕ್ಷಣ ನಿಲ್ಲಬೇಕು. ಮುಗಿದ ಮೇಲೆ ಕುದುರೆ, ಕೊಳವೆ ಎಲ್ಲ ಖಾಲಿ ಎಂದು ನಾನೂ ನೋಡಿ, ಪಕ್ಕದವರಿಗೂ ತೋರಿಸಿಯೇ ಏಳುವುದು. ಮನೆಗೆ ಬಂದರೆ ಅಮ್ಮ ಮೊದಲಿನಂತೆ ಮುಖ ತಿರುಗಿಸುವುದಿಲ್ಲ. ಕಾಫಿ ಲೋಟ ಮುಂದಿಟ್ಟು, ಬೇರೆಲ್ಲೋ ನೋಡುತ್ತ ಕೇಳುತ್ತಾಳೆ:

‘ಇವತ್ತು ಎಷ್ಟು ಹತ್ತು ಬಿತ್ತು?’