ಯಾವಾ ಅಂದರೆ ನಮ್ಮ ಜಾವಾ

ಬೆನೆಶೋವ್ ಸ್ಟೇಷನ್ನಿನ ಹೊರಗೆ ಕಾದಿದ್ದ ಹಿರಿಯರು ನನ್ನ ಕೈಕುಲುಕಿ, ಪಕ್ಕದ ಬೈಕಿನ ಸೀಟು ತಟ್ಟಿ, "ಯಾವಾ!" ಎನ್ನುತ್ತಾರೆ. ಯಾವ ಊರು, ಯಾವ ಗಾಡಿ ಎಂದು ಕೇಳುತ್ತಿದ್ದಾರೇನೋ ಅಂತ ಒಂದು ಗಳಿಗೆ ಅವರ ಮುಖ ನೋಡುತ್ತೇನೆ. ಆಮೇಲೆ ಹೊಳೆಯುತ್ತದೆ. ಚೆಕ್ ಭಾಷೆಯಲ್ಲಿ ಜೆ ಅಕ್ಷರಕ್ಕೆ ಯಕಾರದ ಉಚ್ಚಾರ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕನ್ನು ಇಲ್ಲಿ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ಮೊದಲನ್ನೂ ಅವರ ಹೆಸರಿನ ಮೊದಲನ್ನೂ ಕೂಡಿಸಿದ. ಯಾ, ವಾ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ ಬರತೊಡಗಿದ ಗಾಡಿಯನ್ನು ಇಡೀ ಊರು ಜಾವಾ ಎಂದು ಕರೆಯಿತು. ನಮ್ಮಪ್ಪನ ಬೈಕಿನ ನಿಜವಾದ ಹೆಸರು ಕೇಳಲು ನಾನು ಇಷ್ಟು ದೂರ ಬರಬೇಕಾಯಿತು.

ಪ್ರಾಗ್‌ನಿಂದ ಇಲ್ಲಿಗೆ ರೈಲಿನಲ್ಲಿ ಒಂದು ತಾಸೂ ಇಲ್ಲ. ಮೇ ತಿಂಗಳು, ನಮ್ಮಲ್ಲಿ ಮಾವಿನಹಣ್ಣಿನ ಸೆಕೆ, ಇಲ್ಲಿ ಬೆಳಗಿನ ಚಳಿಗೆ ಎರಡು ಸ್ವೆಟರ್ ಸಾಲದು. ಹಿಂದಿನ ಸೀಟಿನಲ್ಲಿ ಕೂತವನಿಗೆ ಮೊದಲು ಕಾಡುವುದು ರಸ್ತೆ. ಎಲ್ಲರೂ ಬಲಗಡೆ ಓಡಿಸುತ್ತಾರೆ. ಪ್ರತಿ ತಿರುವಿನಲ್ಲೂ ನನ್ನ ಮೈ ತಾನಾಗಿ ಎಡಕ್ಕೆ ವಾಲುತ್ತದೆ, ಹಿರಿಯರು ಹಿಂದಿರುಗಿ ನೋಡುತ್ತಾರೆ. ಎರಡೂ ಬದಿಗೆ ಕಣ್ಣು ಹಾಯುವಷ್ಟೂ ಹಳದಿ ಹೂವು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳೇ ಇಲ್ಲಿಗೆ ಬಂದವೋ ಅನ್ನಿಸುತ್ತದೆ, ಆದರೆ ಇದು ಸಾಸಿವೆಯ ಬಳಗದ ಎಣ್ಣೆಬೀಜದ ಬೆಳೆ.

ಸಾಝವಾ ನದಿಯ ದಡದಲ್ಲಿ ತೀನೆಟ್ಸ್ ಎಂಬ ಪುಟ್ಟ ಊರು. ಜಾವಾ ಕಾರ್ಖಾನೆಯ ಊರು ಇದೇ. ಯಾದವಗಿರಿಯಲ್ಲಿ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಆ ಗೇಟಿನ ಮುಂದೆ ಹೋಗುವಾಗಲೆಲ್ಲ ಅಪ್ಪ ವೇಗ ತಗ್ಗಿಸುತ್ತಿದ್ದರು. ಇಲ್ಲಿ ಹಿರಿಯರೂ ಹಾಗೇ ತಗ್ಗಿಸುತ್ತಾರೆ.

ಊಟದ ಮನೆಯ ಹಲಗೆಯ ಮೇಲೆ ಸ್ವೀಚ್ಕೊವಾ ಎಂದು ಬರೆದಿದೆ. ಅದು ದನದ ಮಾಂಸದ ಅಡುಗೆ ಎಂದು ಕಾರಿನಲ್ಲಿ ನಮ್ಮ ಹಿಂದೆಯೇ ಬಂದ ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸುತ್ತಾಳೆ. ನನ್ನ ಪಾಲಿಗೆ ಕರಿದ ಚೀಸು, ಆಲೂಗಡ್ಡೆ. ಮೂರು ದಿನದಿಂದ ಅದೇ.

ಅಲ್ಲಿಂದ ಕೊನೊಪಿಶ್ಟೆ ಕಡೆಗೆ. ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡನ ಕೋಟೆಮನೆ ಇರುವುದು ಅಲ್ಲಿ; 1914ರಲ್ಲಿ ಸರಾಯೆವೋದಲ್ಲಿ ಗುಂಡೇಟು ತಿಂದವನು ಅವನೇ. ಕೋಟೆ ಕಾಣುವ ಮೊದಲೇ ಏರಿನಲ್ಲಿ ಎಂಜಿನ್ ಪಟ್ ಪಟ್ ಎಂದು ಮುಗ್ಗರಿಸಿ, ಎರಡು ಸೈಲೆನ್ಸರಿನಿಂದಲೂ ಒಂದೊಂದು ಹೊಗೆಯುಂಡೆ ಉಗುಳಿ ನಿಂತುಬಿಡುತ್ತದೆ.

ಈಗ ನೋಡಿ ಸೊಗಸು. ಹಿರಿಯರು ಒಂದು ಮಾತೂ ಆಡದೆ ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಸಿಲಿಂಡರ್ ಹೆಡ್ಡಿನ ಮೇಲೆ ಮಲಗಿಸಿ, ಒದಿ ಎಂದು ನನಗೆ ಸನ್ನೆ ಮಾಡುತ್ತಾರೆ. ಕಿಕ್ಕರ್ ಎಡಗಡೆ. ಅದನ್ನೇ ಮಡಿಸಿದರೆ ಗೇರ್! ಜಗತ್ತಿನ ಈ ಮೂಲೆಯಲ್ಲಿ ನನ್ನ ಕಾಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಡಿ ಬರುತ್ತದೆ, ಆದರೆ ಬಡಕಲು ಕೆಂಪು. "ಸ್ವೀಚ್ಕಾ," ಎನ್ನುತ್ತಾರೆ. ಚೆಕ್ಕರಲ್ಲಿ ಪ್ಲಗ್ಗಿಗೂ ಮೇಣದಬತ್ತಿಗೂ ಒಂದೇ ಹೆಸರಂತೆ. ಎಂಜಿನ್ನಿನೊಳಗೆ ಮೇಣದಬತ್ತಿ ಹಚ್ಚುವ ಜನ! ಹೊಸ ಪ್ಲಗ್ ಹಾಕಿದರೂ ಅದೇ ಕಿಡಿ.

ಬಲಗಡೆಯ ಮುಚ್ಚಳ ಕಳಚುತ್ತದೆ. ನಾನು ಮತ್ತೆ ಒದೆಯುತ್ತೇನೆ. ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ತೆರೆದುಕೊಂಡಾಗಲೆಲ್ಲ ಅದರ ಎರಡು ತುಟಿಗಳ ನಡುವೆ ಚುರುಕ್ಕೆಂದು ನೀಲಿ ಬೆಳಕು. ಪ್ಲಗ್ಗಿನಲ್ಲಿ ಹುಟ್ಟಬೇಕಾದ ಕಿಡಿ ಇಲ್ಲಿ ಪೋಲಾಗುತ್ತಿದೆ. ನನ್ನ ಕಿವಿಯಲ್ಲಿ ಮೈಸೂರಿನ ಅಗ್ರಹಾರದ ನಮ್ಮ ಬೈಕ್ ಮೇಸ್ತ್ರಿಯ ದನಿ: "ಪಾಯಿಂಟ್ ಸುಡ್ತಾ ಇದೆ ಸಾರ್, ಕಂಡೆನ್ಸರ್ ಹೋಗದೆ."

ಬ್ಯಾಟರಿ ಕೊಡುವುದು ಬರೀ 6 ವೋಲ್ಟ್. ಪಾಯಿಂಟ್ ಬಿಟ್ಟ ಕೂಡಲೇ ಕಾಯಿಲ್ಲಿನಲ್ಲಿ ಹರಿಯುತ್ತಿದ್ದ ಕರೆಂಟು ಒಮ್ಮೆಲೇ ಕಡಿದರೆ ಮಾತ್ರ ಅದು ಸಾವಿರಾರು ವೋಲ್ಟಾಗಿ ಪ್ಲಗ್ಗಿಗೆ ಹಾರುತ್ತದೆ. ಆ ಕ್ಷಣ ನುಗ್ಗುವ ಕರೆಂಟನ್ನು ತನ್ನೊಳಗೆ ಎಳೆದುಕೊಂಡು, ಪಾಯಿಂಟಿನ ಸಂದಿನಲ್ಲಿ ಜಿಗಿಯದಂತೆ ತಡೆಯುವುದೇ ಹೆಬ್ಬೆರಳ ಗಾತ್ರದ ಈ ಕಂಡೆನ್ಸರಿನ ಕೆಲಸ. ಒಳಗಿನ ಹಾಳೆ ಹಳತಾದರೆ ಬಿಸಿಯಲ್ಲಿ ಕೈಕೊಡುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಮತ್ತೆ ಓಡುತ್ತದೆ. ಎಷ್ಟೋ ಜನ ಇದು ತಿಳಿಯದೆ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ.

ನನಗೆ ಜೇಬು ನೆನಪಾಗುತ್ತದೆ. ಹೊರಡುವ ಹಿಂದಿನ ದಿನ ಮೇಸ್ತ್ರಿ ತನ್ನ ಡಬ್ಬಿಯಿಂದ ತೆಗೆದು, ಮೇಣದ ಕಾಗದ ಸುತ್ತಿ ಕೊಟ್ಟಿದ್ದ ಹಳೇ ದಾಸ್ತಾನಿನ ಪಾಯಿಂಟ್ ಸೆಟ್ಟು, ಕಂಡೆನ್ಸರು. "ಆ ಕಡೆಯವರಿಗೆ ಕೊಡಿ ಸಾರ್, ನೋಡ್ಲಿ." ಹಿರಿಯರು ಪೊಟ್ಟಣ ಬಿಡಿಸಿ, ಕನ್ನಡಕ ಹಣೆಗೇರಿಸಿ, ಹೊರಳಿಸಿ ಹೊರಳಿಸಿ ನೋಡುತ್ತಾರೆ. ಒಂದೇ ಸ್ಕ್ರೂ. ಕೂರುತ್ತದೆ, ಇಲ್ಲೇ ಹುಟ್ಟಿದ ಹಾಗೆ.

ನಮ್ಮವನು ಪಾಯಿಂಟ್ ಸಂದನ್ನು ಕಣ್ಣಳತೆಯಲ್ಲೇ ಇಡುತ್ತಾನೆ. ಇವರು ಫೀಲರ್ ಗೇಜಿನ ತೆಳು ಎಲೆಗಳಲ್ಲಿ 0.4 ಮಿಲಿಮೀಟರಿನದನ್ನು ಆರಿಸಿ, ಎಳೆದಾಗ ಬೆಣ್ಣೆಯಲ್ಲಿ ಹೋದಂತೆ ಹೋಗಬೇಕು ಎಂದು ತೋರಿಸುತ್ತಾರೆ. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಅದಕ್ಕೆ ಪ್ಲಗ್ ತೂತಿನೊಳಗೆ ಒಂದು ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿದೆ ಎಂದು ಅಳೆಯುತ್ತಾ, ಪಾಯಿಂಟಿನ ತುಟಿಗಳ ನಡುವೆ ಸಿಗರೇಟು ಪ್ಯಾಕಿನ ತೆಳು ಹಾಳೆ ಸಿಕ್ಕಿಸುತ್ತಾರೆ. ಎಂಜಿನ್ ಮೆಲ್ಲಗೆ ತಿರುಗಿದಂತೆ ಹಾಳೆ ಸಡಿಲಾಗುವ ಕ್ಷಣವೇ ಕಿಡಿಯ ಕ್ಷಣ. ನಾನು ಕೂಗಿಯೇಬಿಡುತ್ತೇನೆ. ಅಗ್ರಹಾರದಲ್ಲೂ ಇದೇ ಹಾಳೆ, ಹೀಗೇ ಎರಡು ಬೆರಳ ತುದಿ!

ಎರಡನೇ ಒದೆತಕ್ಕೆ ಗಾಡಿ ಹಿಡಿಯುತ್ತದೆ. ಹಳದಿ ಹೊಲದ ನಡುವೆ ನಮ್ಮ ಬೀದಿಯ ಸದ್ದು. ನಾವಿಬ್ಬರೂ ಸುಮ್ಮನೆ ನಿಂತು ಕೇಳುತ್ತೇವೆ.

ಹಿರಿಯರು ಎಣ್ಣೆಗೈ ಒರೆಸಿಕೊಂಡು ಸಾಮಾನು ಪೆಟ್ಟಿಗೆಯಿಂದ ಒಂದು ನೋಟ್‌ಬುಕ್ ತೆಗೆಯುತ್ತಾರೆ. ಗಾಡಿಗೆ ಮಾಡಿದ ಪ್ರತಿ ರಿಪೇರಿಯೂ ಅದರಲ್ಲಿದೆ. ತಾರೀಖು, ಓಡಿದ ಕಿಲೋಮೀಟರು. ಇವತ್ತಿನ ಸಾಲು ಬರೆದು ಪೆನ್ನು ನನ್ನ ಕಡೆ ಚಾಚುತ್ತಾರೆ. "ಊರಿನ ಹೆಸರು ನಿಮ್ಮ ಅಕ್ಷರದಲ್ಲಿ ಬೇಕಂತೆ," ಎನ್ನುತ್ತಾಳೆ ಮೊಮ್ಮಗಳು. ಓಡುತ್ತಿರುವ ಎಂಜಿನ್ನಿನ ನಡುಕಕ್ಕೆ ಸೀಟಿನ ಮೇಲಿನ ಪುಸ್ತಕ ಅದುರುತ್ತದೆ. ಸೊಟ್ಟಸೊಟ್ಟಾಗಿ ಬರೆಯುತ್ತೇನೆ: ಮೈಸೂರು.