ಕರ್ಕಾಟಕದಲ್ಲಿ ಒಣಗುವ ಬಟ್ಟೆ

ಗುಂಡ್ಲುಪೇಟೆಯಲ್ಲಿ ಒಗೆದ ಬಟ್ಟೆಗೆ ಯಾರೂ ಕಾಯುವುದಿಲ್ಲ. ತಂತಿಯ ಮೇಲೆ ಹರವಿ, ಒಳಗೆ ಹೋಗಿ ಅನ್ನಕ್ಕಿಟ್ಟು ಬರುವಷ್ಟರಲ್ಲಿ ಸೀರೆ ಗರಿಗರಿ. ಅಲ್ಲಿಂದ ಬಂಡೀಪುರ, ಮುತ್ತಂಗ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ದಾಟಿ ಕೇರಳದ ವಯನಾಡಿನ ವೈತಿರಿಗೆ ಬಂದರೆ ದಾರಿ ನೂರು ಕಿಲೋಮೀಟರಿನ ಆಸುಪಾಸು. ಆಕಾಶ ಮಾತ್ರ ಬೇರೆಯೇ. ಅರಬ್ಬಿ ಸಮುದ್ರದ ಮೋಡ ಘಾಟಿ ಹತ್ತಿ ಬಂದು ವೈತಿರಿ ಪಕ್ಕದ ಲಕ್ಕಿಡಿಯಲ್ಲಿ ಹೊರೆ ಇಳಿಸುತ್ತದೆ. ಬಂಡೀಪುರದ ಆಚೆಗೆ ಅದರಲ್ಲಿ ಉಳಿಯುವುದು ಅಲ್ಪ. ಬಯಲುಸೀಮೆಯಲ್ಲಿ ಹುಟ್ಟಿ, ಮದುವೆಯಾಗಿ ವೈತಿರಿಯ ಕಾಫಿ ತೋಟಕ್ಕೆ ಬಂದ ನನಗೆ ವಯನಾಡಿನ ಭೂಗೋಳ ಕಲಿಸಿದ್ದು ಬಟ್ಟೆಯ ಹಗ್ಗ.

ಮಳೆ ಜೋರಾಗಿರುವ ಕರ್ಕಾಟಕ ಮಾಸದಲ್ಲಿ ಇಲ್ಲಿನ ಗಾಳಿಗೆ ನೀರು ಕುಡಿಯಲು ಜಾಗವೇ ಇರುವುದಿಲ್ಲ. ಅಂಗಿಯ ತೇವ ಅಂಗಿಯಲ್ಲೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಅತ್ತೆಯ ಕಾಲದಲ್ಲಿ ಒಲೆಯ ಮೇಲೊಂದು ಬಿದಿರಿನ ಗಳ ಕಟ್ಟಿತ್ತು. ಅಡುಗೆ ಮುಗಿದ ಮೇಲೆ ಕೆಂಡದ ಬಿಸಿಗೆ ಬಟ್ಟೆ ಒಣಗುತ್ತಿತ್ತು, ಶಾಲೆಗೆ ಹೋಗುವ ಮಕ್ಕಳೆಲ್ಲ ಒಂದೇ ಹೊಗೆಯ ವಾಸನೆ ಹೊತ್ತು ಹೋಗುತ್ತಿದ್ದರು. ಮಳೆ ಹಿಡಿಯುವ ಮುಂಚೆ ಅತ್ತೆ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಹೊಗೆಗೂಡಿನ ಇಲ್ಲಣವನ್ನೆಲ್ಲ ಕೆಡವುತ್ತಿದ್ದರು. ಮೇಲೆ ಬೆಂಕಿ ಹಿಡಿಯುವಂಥದ್ದೇನೂ ಇರಬಾರದು, ಹೊಗೆಗೆ ದಾರಿ ಇರಬೇಕು. ಇವೆರಡರಲ್ಲಿ ಅವರು ಯಾವ ರಾಜಿಗೂ ಒಪ್ಪುತ್ತಿರಲಿಲ್ಲ.

ಅಮೆರಿಕದ ಒಹಾಯೊದಲ್ಲಿ ಜಾರ್ಜ್ ಸ್ಯಾಂಪ್ಸನ್ ಎಂಬ ಕಪ್ಪು ವರ್ಣೀಯ 1892ರಲ್ಲಿ ಪೇಟೆಂಟ್ ಪಡೆದ ಬಟ್ಟೆ ಒಣಗಿಸುವ ಸಾಧನವೂ ಒಲೆಯ ಬಳಿ ಬಟ್ಟೆ ಹರವುವ ಚೌಕಟ್ಟೇ. ಅದನ್ನು ಓದಿದಾಗ ಅತ್ತೆಯ ಬಿದಿರಿನ ಗಳ ನೆನಪಾಗಿ ನನಗೆ ಬಹಳ ಸಂತೋಷವಾಯಿತು.

ಈಗ ನಮ್ಮ ಕಡೆ ಹೋಂಸ್ಟೇಗಳು ಹೆಚ್ಚಾಗಿ, ಹಾಸಿಗೆ ಹೊದಿಕೆ ದಿನವೂ ಬದಲಾಗಬೇಕಾಗಿ, ಡ್ರೈಯರ್‌ಗಳು ಬಂದಿವೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು ಮುಕ್ಕಾಲು ಯುನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಆ ಆವಿ ಹೊರಗೆ ಹೋಗದಿದ್ದರೆ ಅಷ್ಟೂ ದಂಡ. ಬಿಸಿ ಗಾಳಿಯನ್ನು ಕೊಳವೆಯಿಂದ ಹೊರಗೆ ಬಿಡುವುದು ಒಂದು ಬಗೆಯ ಯಂತ್ರ, ಒಳಗೇ ತಂಪಾಗಿಸಿ ನೀರನ್ನು ತೊಟ್ಟಿಗೆ ಇಳಿಸುವುದು ಇನ್ನೊಂದು. ಯಂತ್ರ ಯಾವ ಬಗೆಯದಾದರೂ, ಬಟ್ಟೆ ಉರುಳುವಾಗ ಅದರ ನೂಲಿನ ಜುಂಗು ಉದುರುವುದು ತಪ್ಪಿದ್ದಲ್ಲ. ಬಾಗಿಲಲ್ಲಿರುವ ಜರಡಿ ಅದರಲ್ಲಿ ಬಹುಪಾಲನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ನುಸುಳಿದ್ದು ಕೊಳವೆಯ ತಿರುವುಗಳಲ್ಲಿ ತೇವಕ್ಕೆ ಅಂಟಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಒಣಗಿದಾಗ ಅದಕ್ಕಿಂತ ಬೇಗ ಹೊತ್ತಿಕೊಳ್ಳುವ ವಸ್ತು ಮನೆಯಲ್ಲಿ ಕಡಿಮೆ. ಕೊಳವೆಯ ಡ್ರೈಯರ್ ಸಾಮಾನ್ಯವಾಗಿರುವ ಅಮೆರಿಕದಲ್ಲಿ ಮನೆಯ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳಾಗುತ್ತವೆಂದು ಅಲ್ಲಿನ ಅಗ್ನಿಶಾಮಕ ಆಡಳಿತ ಅಂದಾಜಿಸಿತ್ತು. ಮೊದಲ ಕಾರಣ, ಸ್ವಚ್ಛ ಮಾಡದಿರುವುದು. ಡಲ್ಲಾಸ್‌ನಲ್ಲಿರುವ ನನ್ನ ತಂಗಿ ಯುಗಾದಿಗೆ ಮನೆ ಗುಡಿಸುವಾಗ ಕೊಳವೆ ಸ್ವಚ್ಛ ಮಾಡುವವನನ್ನೂ ಕರೆಸುತ್ತಾಳೆ.

ನಮ್ಮಲ್ಲಿಗೆ ಆ ಕೆಲಸಕ್ಕೆ ಬರುವ ಹುಡುಗ ಕಲ್ಪೆಟ್ಟದವನು. ಅವನ ಅಪ್ಪ ಎಚ್.ಡಿ. ಕೋಟೆಯ ಕಡೆ ಗುತ್ತಿಗೆ ನೆಲದಲ್ಲಿ ಶುಂಠಿ ಬೆಳೆಯುತ್ತಿದ್ದುದರಿಂದ ಅವನಿಗೆ ಕನ್ನಡ ಬರುತ್ತದೆ. ಅವನು ಬಂದರೆ ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂರುತ್ತೇನೆ. ಪ್ಲಗ್ ಕಿತ್ತು, ಯಂತ್ರವನ್ನು ಮುಂದಕ್ಕೆಳೆದು, ಹೊರಗೋಡೆಯ ಬಾಯಿಗೆ ಗಾಳಿಯ ವೇಗ ಅಳೆಯುವ ಪುಟ್ಟ ಮಾಪಕ ಹಿಡಿದು ಅಂಕಿ ಬರೆದುಕೊಳ್ಳುವುದೇ... ಅಲ್ಲ, ಅಳತೆ ಮೊದಲು, ಪ್ಲಗ್ ಆಮೇಲೆ, ಯಂತ್ರ ಓಡುತ್ತಿರಬೇಕಲ್ಲ. ನಂತರ ಕೊಳವೆ ಬಿಚ್ಚಿ, ದುಂಡನೆಯ ಬ್ರಷ್ಷಿಗೆ ಬಾಗುವ ಸರಳುಗಳನ್ನು ಒಂದಕ್ಕೊಂದು ತಿರುಚಿ ಕೂಡಿಸಿ, ಡ್ರಿಲ್ಲಿಗೆ ಸಿಕ್ಕಿಸಿ ಒಳಗೆ ಬಿಡುತ್ತಾನೆ. ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಅಪ್ಪಿತಪ್ಪಿ ಹಿಂದಕ್ಕೆ ತಿರುಗಿದರೆ ಸರಳಿನ ತಿರುಪು ಬಿಚ್ಚಿ ಬ್ರಷ್ ಗೋಡೆಯೊಳಗೇ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ವ್ಯಾಕ್ಯೂಮ್ ಎಳೆಯುತ್ತಿರುತ್ತದೆ. ಬರುವ ಜುಂಗಿನಲ್ಲಿ ನನ್ನ ಹಸಿರು ಟವೆಲ್ಲಿನ ಬಣ್ಣವನ್ನೂ ಗುರುತಿಸಬಹುದು! ಆಮೇಲೆ ಹಿಂಬದಿಯ ತಗಡು ತೆಗೆದು, ಶಾಖದ ಸುರುಳಿಯ ಸುತ್ತ ಮೆತ್ತಗಿನ ಕುಂಚ ಆಡಿಸುತ್ತಾನೆ. ಕೀಲುಗಳಿಗೆ ತಿರುಪು ಹೊಡೆಯುವುದಿಲ್ಲ, ಅದರ ಮೊನೆಗೆ ಜುಂಗು ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಟೇಪು ಸುತ್ತುತ್ತಾನೆ. ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ಕಂಡರೆ ನುಣುಪಾದ ಲೋಹದ್ದು ಹಾಕಿಸಿ ಎಂದು ಹಟ ಹಿಡಿಯುತ್ತಾನೆ. ಆ ಹಟ ನನಗೆ ಇಷ್ಟ.

ವಯನಾಡಿನ ಗೋಡೆಯ ತೂತಿಗೆ ಅತಿಥಿಗಳೂ ಇದ್ದಾರೆ. ಬೇಸಿಗೆಯಲ್ಲಿ ಯಂತ್ರ ಸುಮ್ಮನಿದ್ದಾಗ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ. ಬಲೆ ಬಿಗಿಯೋಣವೆಂದರೆ ಅದಕ್ಕೂ ಜುಂಗು ಕಟ್ಟಿ ಬಾಯಿ ಮುಚ್ಚುತ್ತದೆ. ಗಾಳಿ ಬಂದಾಗ ತೆರೆದು, ನಿಂತಾಗ ಬೀಳುವ ರೆಕ್ಕೆಯೇ ಸರಿ. ಹಾಗಾಗಿ ಸ್ವಚ್ಛ ಮಾಡಿಸಬೇಕಾದ್ದು ಇಡವಪಾತಿ, ಅಂದರೆ ಮುಂಗಾರು, ಹಿಡಿಯುವ ಮೊದಲು, ಮೇ ತಿಂಗಳಲ್ಲಿ. ಬಟ್ಟೆ ಬಿಸಿಯಾಗಿದ್ದೂ ಒದ್ದೆ ಇದ್ದರೆ, ಒಂದೇ ಕಂತಿಗೆ ಎರಡು ಸಲ ಓಡಿಸಬೇಕಾದರೆ, ಕೋಣೆ ಸೆಖೆಯಾದರೆ ಮೇ ತಿಂಗಳಿಗೂ ಕಾಯಬಾರದು.

ಈ ಕೆಲಸಕ್ಕೆ ಹಣ ಕೊಡುವಾಗ ಜನ ಚೌಕಾಸಿ ಮಾಡುವುದನ್ನು ನೋಡಿದ್ದೇನೆ, ನನಗದು ಸಹಿಸಲಾಗದು. ಕಣ್ಣಿಗೆ ಕಾಣದ ಜಾಗ ಶುದ್ಧ ಮಾಡಿದವನಿಗೆ ಹೊಳೆಯುವ ನೆಲ ತೋರಿಸಿ ಹಣ ಕೇಳುವ ಅನುಕೂಲವಿಲ್ಲ. ಅವನ ಬಳಿ ಇರುವುದು ಮೊದಲಿನ ಅಂಕಿ, ನಂತರದ ಅಂಕಿ, ಅಷ್ಟೇ. ಆ ಚೀಟಿಗಳನ್ನು ನಾನು ಕಾಫಿ ಲೆಕ್ಕದ ಪುಸ್ತಕದಲ್ಲೇ ಇಟ್ಟಿದ್ದೇನೆ.

ಹೊಸ ಮನೆ ಕಟ್ಟುವವರು ಯಾರಾದರೂ ಕೇಳಿದರೆ ಯಂತ್ರವನ್ನು ಹೊರಗೋಡೆಯ ಬಳಿಯೇ ಇಡಿಸಿ ಎನ್ನುತ್ತೇನೆ. ಅಮೆರಿಕದ ಮಾದರಿ ಕಟ್ಟಡ ನಿಯಮದಲ್ಲಿ ನಾಲ್ಕಂಗುಲದ ಈ ಕೊಳವೆಗೆ 35 ಅಡಿಯ ಮಿತಿ, ಲಂಬಕೋನದ ಪ್ರತಿ ಸಾಮಾನ್ಯ ತಿರುವಿಗೆ ಐದಡಿ ಕಡಿತ. ನಮಗೆ ಅಷ್ಟು ದೂರವೇ ಬೇಡ, ಒಂದೆರಡು ಮೊಳದಲ್ಲಿ ಹೊರಬೀಳಲಿ. ಹಿಂಬದಿಯಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವಷ್ಟು ಜಾಗವನ್ನು ಈಗಲೇ ನಕ್ಷೆಯಲ್ಲಿ ಗುರುತು ಹಾಕಿಸಿ.